ಐನೂರ್ವರ ಆಯ

ಬಾದಾಮಿಯ ಚಾಲುಕ್ಯ ವಿಜಯಾದಿತ್ಯನು ನಾಡನ್ನಾಳುತ್ತಿದ್ದ ಕಾಲ. ಅವನ ಮಗ ವಿಕ್ರಮಾದಿತ್ಯನು ಇನ್ನೂ ಯುವರಾಜ. ಕ್ರಿ.ಶ. 725ರ ಆಸುಪಾಸಿನಲ್ಲಿ ಆ ಯುವರಾಜನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ವಿಧಿಸಿ ಕಲ್ಲಿನಲ್ಲಿ ಬರೆಸಿಕೊಟ್ಟನು. ಪೊರಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ನಗರವೆಂದರೆ ಅಲ್ಲಿನ ವರ್ತಕರ ಸಭೆ, ಪ್ರಕೃತಿಗಳೆಂದರೆ ನಾನಾ ಪ್ರಜಾವರ್ಗಗಳು. ಅರಸನ ಅಧಿಕಾರಿಗಳು ಊರಿನಲ್ಲಿ ಯಾವುದನ್ನು ಕಾಯಬೇಕು, ಯಾವುದಕ್ಕೆ ಕೈ ಹಾಕಬಾರದು ಎಂಬುದು ಆ ಶಾಸನದ ಮೊದಲ ಮಾತು. ರಾಜಶಾಸನ, ತಾಮ್ರಶಾಸನ, ಊರಿನ ಮರ್ಯಾದೆ, ತಲೆತಲಾಂತರದಿಂದ ಅನುಭವಿಸಿಕೊಂಡು ಬಂದ ಸೊತ್ತು, ಇವೆಲ್ಲ ಕಾಪಾಡತಕ್ಕವು. ಒಕ್ಕಲಿದ್ದ ಪ್ರತಿ ಮನೆಯೂ ವೈಶಾಖ ಮಾಸದಲ್ಲಿ ತನ್ನ ಶಕ್ತಿಯಂತೆ ತೆರಿಗೆ ಕೊಡಬೇಕು. ಹಬ್ಬದ ತೆರಿಗೆಯೋ, ಮೇಲಿನ ಮನೆಗೆ ಹತ್ತು ಪಣ, ನಡುವಿನದಕ್ಕೆ ಏಳು, ಕೆಳಗಿನದಕ್ಕೆ ಐದು, ತೀರ ಬಡವರಿಗೆ ಮೂರು. ಕಳವು ಮೊದಲಾದ ತಪ್ಪುಗಳ ದಂಡವೂ ಮಕ್ಕಳಿಲ್ಲದೆ ಸತ್ತವರ ಸೊತ್ತೂ ಕಾರ್ತಿಕದಲ್ಲಿ ಶ್ರೇಣಿಗೆ, ಎಂದರೆ ಕಸುಬಿನವರ ಸಂಘಕ್ಕೆ, ಸಲ್ಲತಕ್ಕದ್ದು. ಸಂತಾನವಿಲ್ಲದವರ ಆಸ್ತಿಯ ಮೇಲೆ ಅರಮನೆಗಿದ್ದ ಹಸಿವು ಎಂಥದೆಂದು ಬಲ್ಲವರಿಗೆ ಈ ಕೊನೆಯ ಮಾತಿನ ತೂಕ ತಿಳಿದೀತು.

ಒಂದು ಊರಿನ ವರ್ತಕರು ಅರಸನೆದುರು ಕೂತು ಲೆಕ್ಕ ಚುಕ್ತ ಮಾಡಿಕೊಂಡ ಬಗೆ ಇದು. ಇದರಂಥ ನಗರಗಳು ಕನ್ನಡ ನಾಡಿನಲ್ಲಿ ಎಷ್ಟೋ ಇದ್ದವು. ಹೆಚ್ಚಿನವು ತಮ್ಮ ಊರಿನ ಗಡಿ ದಾಟಲಿಲ್ಲ. ಮಲಪ್ರಭೆಯ ದಡದ ಐಹೊಳೆಯದು ಮಾತ್ರ ಬೇರೆ ಕಥೆ.

ಐಹೊಳೆಗೆ ಶಾಸನಗಳಲ್ಲಿ ಅಯ್ಯಾವೊಳೆ ಎಂದೂ ಆರ್ಯಪುರವೆಂದೂ ಹೆಸರು. ಎರಡನೆಯ ಪುಲಕೇಶಿಯ ದಿಗ್ವಿಜಯವನ್ನು ರವಿಕೀರ್ತಿಯು 634ರಲ್ಲಿ ಅಲ್ಲಿನ ಮೇಗುತಿ ಬಸದಿಯ ಗೋಡೆಯ ಮೇಲೆ ಬರೆಸಿದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಅದರ ಮುಂದಿನ ಶತಮಾನದಲ್ಲಿ ಆ ಊರಿನ ಶಾಸನಗಳಲ್ಲಿ ಐನೂರ್ವರೆಂಬ ಮಾತು ಕಾಣಿಸಿಕೊಳ್ಳುತ್ತದೆ. ಆಗ ಅವರು ವೇದ ಬಲ್ಲ ಮಹಾಜನರು. ಆ ಹೆಸರು ವ್ಯಾಪಾರಿಗಳ ಪಾಲಿಗೆ ಹೇಗೆ ಬಂದಿತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಂದದ್ದಂತೂ ಹೌದು. 10ನೆಯ ಶತಮಾನದ ಆದಿಯಲ್ಲೇ ತಮಿಳು ನಾಡಿನ ಪುದುಕ್ಕೋಟೆ ಸೀಮೆಯಲ್ಲಿ ಐನೂರ್ವರು ದಾನ ಕೊಡುವವರಾಗಿ ಕಾಣಿಸುತ್ತಾರೆ. ಅಷ್ಟು ಹೊತ್ತಿಗೆ ಐನೂರು ಎಂಬುದು ತಲೆಯೆಣಿಕೆಯಾಗಿ ಉಳಿದಿರಲಿಲ್ಲ. ಐಹೊಳೆಯನ್ನು ಕಣ್ಣಿನಿಂದ ಕಾಣದವನೂ ಅಯ್ಯಾವೊಳೆಪುರದ ಪರಮೇಶ್ವರ ತಾನೆಂದು ಬಿರುದು ಹೇಳಿಕೊಳ್ಳಬಹುದಾಗಿತ್ತು. ಐಹೊಳೆಯ ಭಗವತಿ ಅವನ ಕುಲದೇವತೆ, ವೀರಬಣಂಜುಧರ್ಮ ಅವನ ಕಟ್ಟಳೆ, ಗುಡ್ಡಧ್ವಜ ಅವನ ನಿಶಾನೆ.

ಈ ಮಂದಿಯ ಬಿರುದಾವಳಿಯನ್ನು ಪೂರಾ ಓದಬೇಕೆನ್ನುವವರು ಬಳ್ಳಿಗಾವಿಗೆ ಹೋಗಬೇಕು. ಶಿಕಾರಿಪುರದ ಹತ್ತಿರದ ಆ ಊರು ಅಂದು ಬನವಾಸಿ ಪನ್ನಿರ್ಚ್ಛಾಸಿರವೆಂಬ ನಾಡಿನ ರಾಜಧಾನಿ. ಅಲ್ಲಿಯ 11ನೆಯ ಶತಮಾನದ ನಡುಗಾಲದ ಶಾಸನವೊಂದು ವರ್ತಕರನ್ನು ಹೊಗಳಲು ಹೊರಟು ನಿಲ್ಲುವುದನ್ನೇ ಮರೆತಂತಿದೆ. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ನೇಪಾಳಗಳಿಗೆ ನೆಲದ ಹಾದಿಯಲ್ಲೂ ಜಲದ ಹಾದಿಯಲ್ಲೂ ಹೋಗಿ ಬಂದವರು ಇವರು. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಹವಳ, ಪಚ್ಚೆ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳನ್ನು ಸಗಟಾಗಿಯೂ ಮಾರಿದರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರಿದರು. ಚಕ್ರವರ್ತಿಯ ಹೊನ್ನಿನ ಭಂಡಾರವನ್ನೂ ಆಯುಧಶಾಲೆಯನ್ನೂ ತುಂಬಿದರು. ಉಳಿದದ್ದರಲ್ಲಿ ಪಂಡಿತರಿಗೂ ಮುನಿಗಳಿಗೂ ದಿನವೂ ಕೊಟ್ಟರು. ಇಂದ್ರ ಅವರ ಕಾವಲಿಗ, ಕುಬೇರ ಅವರ ಬೊಕ್ಕಸದವನು. ಒಂಟಿಕಾಲಿನವರ ನಾಡು, ಜೋಲುಗಿವಿಯವರ ನಾಡು, ಹೆಂಗಸರೇ ಆಳುವ ರಾಜ್ಯ ಕೂಡ ಆ ಪಟ್ಟಿಯಲ್ಲಿವೆ. ಒಂಟಿಕಾಲಿನವರ ಊರಿಗೆ ಹೋಗಿಬಂದವನ ಲೆಕ್ಕದ ಕಡತವೊಂದು ಸಿಕ್ಕಿದ್ದರೆ ನೋಡುವ ಆಸೆ ನನಗಿದೆ.

ಪ್ರಶಸ್ತಿ ಬರೆದವನು ಕವಿ, ಕೂಲಿಗೆ ತಕ್ಕಂತೆ ಹೊಗಳಿದ. ಆದರೆ ಇಂಥ ಕಲ್ಲುಗಳ ಕೆಳಭಾಗಕ್ಕೆ ಬಂದರೆ ದನಿ ಬದಲಾಗುತ್ತದೆ. ಸಮಾಸಗಳು ಕರಗಿ ಹೇರು, ಕೊಳಗ, ಸೊಲಗೆ, ವೀಸಗಳು ಬರುತ್ತವೆ. ಐನೂರ್ವರ ದೊಡ್ಡಸ್ತಿಕೆಯನ್ನು ಅಳೆಯುವುದಾದರೆ ನಾನು ಈ ಕೆಳಗಿನ ಸಾಲುಗಳಿಂದಲೇ ಅಳೆಯುತ್ತೇನೆ. ಅರಸನು ಹಾಕಿದ ಸುಂಕ, ಹೆಜ್ಜುಂಕಗಳು ಬೇರೆ. ಈ ಸಾಲುಗಳಲ್ಲಿರುವುದು ವರ್ತಕರು ಮಹಾನಾಡಾಗಿ ನೆರೆದು, ತಮ್ಮ ಸರಕಿನ ಮೇಲೆ ತಾವೇ ಹಾಕಿಕೊಂಡ ಆಯ.

ಬೆಳಗಾವಿಯನ್ನು ನೋಡೋಣ. ಅಂದಿನ ಹೆಸರು ವೇಣುಗ್ರಾಮ. ಆಳುತ್ತಿದ್ದವನು ರಟ್ಟರ ನಾಲ್ಕನೆಯ ಕಾರ್ತವೀರ್ಯ. ಅವನ ಮಂತ್ರಿ ಬೀಚಣನು ಅಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದ್ದನು. 1204ರ ಡಿಸೆಂಬರಿನಲ್ಲಿ ಆ ಬಸದಿಗೆ ಅರಸನು ಭೂಮಿ ಬಿಟ್ಟನು. ಪಟ್ಟಾಚಾರ್ಯ ಶುಭಚಂದ್ರ ಭಟ್ಟಾರಕರು ಅದನ್ನು ಸ್ವೀಕರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಸಮಯಚಕ್ರವರ್ತಿ ಜಯಪತಿಸೆಟ್ಟಿಯನ್ನು ಮುಂದಿಟ್ಟುಕೊಂಡು ವೇಣುಗ್ರಾಮದ ಮುಮ್ಮುರಿದಂಡಗಳೆಂಬ ವರ್ತಕರ ತಂಡಗಳು ನೆರೆದವು. ಕೂಂಡಿ ಮೂರುಸಾವಿರವೆಂಬ ನಾಡಿನ ವರ್ತಕರು ಬಂದರು. ಲಾಳದವರು, ಎಂದರೆ ಗುಜರಾತಿನ ಕಡೆಯ ಪರದೇಶಿಗಳು ಬಂದರು. ಮಲೆಯಾಳದವರು ಬಂದರು. ಅಕ್ಕಸಾಲೆಯವರು, ಬಟ್ಟೆಯ ಅಂಗಡಿಯವರು, ಎಣ್ಣೆಯವರು ಸೇರಿದರು. ಬತ್ತದ ಹೇರಿಗಿಷ್ಟು, ಮೆಣಸಿನ ಹೇರಿಗಿಷ್ಟು, ಇಂಗು, ಹಸಿಶುಂಠಿ, ಅರಿಸಿನಕ್ಕಿಷ್ಟು, ವೀಳ್ಯದೆಲೆಯ ಹೊರೆಗಿಷ್ಟು, ಅಡಕೆಗಿಷ್ಟು, ತೆಂಗಿನಕಾಯಿಗಿಷ್ಟು, ಕಬ್ಬಿಗಿಷ್ಟು, ಕುದುರೆ ಮಾರಿದರೆ ಇಷ್ಟು ಎಂದು ಒಂದೊಂದನ್ನೂ ಹೆಸರಿಸಿ ಬರೆಸಿದರು. ತಲೆಹೊರೆಗೆ ಬೇರೆ, ಬಂಡಿಗೆ ಬೇರೆ. ಎಲೆಯ ಹೊರೆ ಹೊತ್ತು ಸಂತೆಗೆ ಬಂದ ಹಳ್ಳಿಗನೂ ಸಮುದ್ರತೀರದಿಂದ ಕುದುರೆ ಹೊಡೆದುಕೊಂಡು ಬಂದ ಸಾಹುಕಾರನೂ ಒಂದೇ ಕಲ್ಲಿನ ಮೇಲೆ ಇದ್ದಾರೆ. ಗುಜರಾತಿನವನು ಬೆಳಗಾವಿಯಲ್ಲಿ ಕೂತು ಬೆಳಗಾವಿಯ ಬಸದಿಗೆ ಪಾಲು ಕೊಡಲು ಒಪ್ಪಿಕೊಂಡನೆಂದರೆ, ಆ ಪೇಟೆಯಲ್ಲಿ ಅವನಿಗೆ ಮಾತಿತ್ತೆಂದು ಅರ್ಥ. ಬೆಳಗಾವಿಯ ಈ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸೊತ್ತು. ಬಾರ್ನೆಟ್ ಎಂಬ ವಿದ್ವಾಂಸನು ಅವುಗಳ ಪಾಠವನ್ನು ಪ್ರಕಟಿಸಿದನು.

ಇಂಥ ಆಯವನ್ನು ಒಪ್ಪಿದ ಮೇಲೆ ತಪ್ಪುವಂತಿರಲಿಲ್ಲ. ತಪ್ಪಿದವನು ಸಮಯದ್ರೋಹಿ; ಸಮಯವೆಂದರೆ ವರ್ತಕರ ಸಂಘ. ಸಮಯದಿಂದ ಹೊರಬಿದ್ದವನ ಹೇರಿಗೆ ದಾರಿಯಲ್ಲಿ ಕಾವಲು ಎಲ್ಲಿಯದು, ಸಂತೆಯಲ್ಲಿ ನಂಬುಗೆ ಎಲ್ಲಿಯದು?

ದೇವರು ಯಾರೆಂಬುದು ಈ ಸಭೆಗಳಿಗೆ ಅಷ್ಟೇನೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಬೆಳಗಾವಿಯವರು ಬಸದಿಗೆ ಕೊಟ್ಟರು. ಬಂಕಾಪುರದಲ್ಲಿ ನಗರೇಶ್ವರನ ಗುಡಿಯೇ ಎದ್ದಿತು. ಗದಗ ಸೀಮೆಯ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಸೇರಿ ಬೌದ್ಧ ವಿಹಾರವನ್ನು ಕಟ್ಟಿಸಿದರು. ಡಂಬಳದ ಶಾಸನದ ಕಾಲ 1095, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆ. ಆ ಹೊತ್ತಿಗೆ ಕನ್ನಡ ನಾಡಿನಲ್ಲಿ ಬೌದ್ಧರು ಎಲ್ಲೋ ಅಲ್ಲೊಬ್ಬರು ಇಲ್ಲೊಬ್ಬರು. ಅಂಥ ಕಾಲದಲ್ಲಿ ತಾರಾಭಗವತಿಗೆ ದೀಪಧೂಪ ನಡೆಯಲೆಂದು ಒಂದು ಸಣ್ಣ ಊರಿನ ಸೆಟ್ಟಿಗಳು ನೆಲವನ್ನೂ ಆಯವನ್ನೂ ಬಿಟ್ಟರು. ನೆರೆಯ ಲೊಕ್ಕಿಗುಂಡಿಯ ವಡ್ಡವ್ಯವಹಾರಿ ಸಂಗವಯ್ಯನು ತನ್ನೂರಿನಲ್ಲಿಯೂ ಒಂದು ವಿಹಾರ ಕಟ್ಟಿಸಿದ್ದನು. ಇದು ಬರಿಯ ಔದಾರ್ಯವೇ? ದೂರದ ಬೌದ್ಧ ನಾಡುಗಳೊಡನೆ ವ್ಯವಹಾರವಿದ್ದವರಿಗೆ ತಾರೆಯೂ ಬೇಕಾದವಳೇ ಎಂಬ ಗುಮಾನಿ ನನಗಿದೆ. ಭಕ್ತಿಗೂ ಲಾಭಕ್ಕೂ ನಡುವೆ ಗೋಡೆ ಕಟ್ಟುವ ಅಭ್ಯಾಸ ಅವರಿಗಿರಲಿಲ್ಲ.

ದೂರದ ನಾಡುಗಳೆಂದರೆ ಎಷ್ಟು ದೂರ? ಸುಮಾತ್ರಾ ದ್ವೀಪದ ಬಾರುಸಿನ ಹತ್ತಿರ ಲೋಬು ತುವಾ ಎಂಬಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಕರ್ಪೂರಕ್ಕೆ ಹೆಸರಾದ ಕರಾವಳಿ ಅದು. ಅಲ್ಲಿ ನೆರೆದವರು ದಿಕ್ಕು ಸಾವಿರದ ಐನೂರ್ವರು. ಹಡಗಿನ ಒಡೆಯನೂ ಅವನ ಜನವೂ ಕಸ್ತೂರಿಯ ಬೆಲೆಗೆ ಸರಿಯಾಗಿ ಇಷ್ಟು ಚಿನ್ನವೆಂದು ಕೊಟ್ಟ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕೆಂದು ಅವರು ಕಟ್ಟಳೆ ಮಾಡಿದರು. ಬಳ್ಳಿಗಾವಿಯ ಕವಿ ಸಮುದ್ರ ದಾಟಿಸಿದ್ದು ಸುಳ್ಳಲ್ಲವೆನ್ನಲು ಇದಕ್ಕಿಂತ ಸಾಕ್ಷಿ ಬೇಕೆ? ಬರ್ಮಾದ ಪಗಾನಿನಲ್ಲಿಯೂ 13ನೆಯ ಶತಮಾನದಲ್ಲಿ ನಾನಾದೇಶಿಗಳೆಂಬ ವರ್ತಕರ ಹೆಸರಿನ ವಿಷ್ಣುಗುಡಿಯೊಂದಿತ್ತು. ಮಲಬಾರಿನ ವ್ಯಾಪಾರಿಯೊಬ್ಬನು ಅದಕ್ಕೆ ಮಂಟಪ ಕಟ್ಟಿಸಿ ದೀಪ ಇಡಿಸಿದ. ಅಲ್ಲಿ ಕನ್ನಡದ ಅಕ್ಷರವಿಲ್ಲ. ಮಲಪ್ರಭೆಯ ದಡದ ಊರಿನ ಹೆಸರನ್ನು ತಮಿಳರೂ ತೆಲುಗರೂ ಮಲೆಯಾಳಿಗಳೂ ತಮ್ಮದೆಂದೇ ಹೊತ್ತು ನಡೆದರು.

ಹಾದಿಯಲ್ಲಿ ಕಳ್ಳರಿದ್ದರು, ಎದುರಾಳಿ ಅರಸರ ದಂಡಿತ್ತು. ಅದಕ್ಕೆಂದೇ ಐನೂರ್ವರು ಆಳುಗಳನ್ನು ಸಾಕಿದರು. ತಮಿಳು ಸೀಮೆಯಲ್ಲಿ ಎರಿವೀರಪಟ್ಟಣಗಳೆಂಬ ಕಾವಲಿನ ಪೇಟೆಗಳನ್ನೇ ಮಾಡಿದರು. ಐನೂರ್ವರ ನೆಲೆಗಳೆಂದು ಶಾಸನಗಳಲ್ಲಿ ಬರುವ ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರುವತ್ತನಾಲ್ಕು ಘಟಿಕಾಸ್ಥಾನಗಳೆಂಬ ಎಣಿಕೆ ಬಾಯಿಪಾಠದ ಮಾತಿರಬಹುದು.

ಊರೂರಿನಲ್ಲಿ ಇವರ ಮುಖಂಡನಿಗೆ ಪಟ್ಟಣಸ್ವಾಮಿಯೆಂದು ಹೆಸರು. ಸಂತೆ ನೆರೆಸುವುದು, ಅಂಗಡಿಯ ಸಾಲು ನೋಡುವುದು, ಹೊರಗಿನಿಂದ ಬಂದವರ ಯೋಗಕ್ಷೇಮ ವಿಚಾರಿಸುವುದು ಅವನ ಪಾಲು. ಹೊಯ್ಸಳ ಎರಡನೆಯ ಬಲ್ಲಾಳನ ಕಾಲದ ನಾಗದೇವನು ಇಂಥ ಪಟ್ಟಣಸ್ವಾಮಿ. ಅವನು 1195ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯನ್ನು ನೋಡಿಕೊಳ್ಳುವ ಹೊಣೆ ಅಲ್ಲಿನ ವರ್ತಕರದು. ಅದಕ್ಕೆ ಇಂದಿಗೂ ನಗರ ಜಿನಾಲಯವೆಂದೇ ಹೆಸರು.

ವಿಜಯನಗರದ ಆರಂಭದಲ್ಲಿ ಈ ಪರಂಪರೆಯ ವಿಚಿತ್ರವಾದ ಒಂದು ಪ್ರಸಂಗ ನಡೆಯಿತು. 1382ರ ಬೇಲೂರಿನ ಶಾಸನದಂತೆ, ಐವತ್ತಾರು ದೇಶಗಳ ಸಾಲುಮೂಲೆಯವರೆಂಬ ವರ್ತಕರು ಸೇರಿ ಮುದ್ದಯ್ಯ ದಣ್ಣಾಯಕನಿಗೆ ಪೃಥ್ವಿಶೆಟ್ಟಿತನವನ್ನು ಕೊಟ್ಟರು. ಬಿರುದು ಕೊಡುವವನು ಅರಸ, ಪಡೆಯುವವನು ಸೆಟ್ಟಿ ಎಂಬುದು ವಾಡಿಕೆ. ಇಲ್ಲಿ ಸೆಟ್ಟಿಗಳು ದಂಡನಾಯಕನಿಗೆ ಬಿರುದು ಕಟ್ಟಿದರು. ವಿಜಯನಗರ, ದೋರಸಮುದ್ರ, ಗುತ್ತಿ, ಪೆನುಗೊಂಡೆ, ಆದವಾನಿ, ಮುಳುಬಾಗಿಲು, ಕಂಚಿ, ಮಂಗಳೂರು, ಬಾರಕೂರು, ಹೊನ್ನಾವರ, ಆರಗ, ಅಣ್ಣಿಗೇರಿ, ಹುಲಿಗೆರೆ ಮೊದಲಾದ ಪೇಟೆಗಳ ಹೆಸರು ಆ ಕಲ್ಲಿನಲ್ಲಿದೆ. ಆಚಾರವ್ಯವಸ್ಥೆ ಪಡೆದ ಪೊರಿಗೆರೆಯೇ ಈ ಹುಲಿಗೆರೆ. ಇದನ್ನು ವರ್ತಕರ ಬಲದ ಶಿಖರವೆಂದು ಹೇಳುವವರುಂಟು. ನನಗೆ ಹಾಗೆ ತೋರದು. ತಮ್ಮ ಹಿರಿಯನನ್ನು ತಮ್ಮೊಳಗೇ ಆರಿಸುವುದು ಬಿಟ್ಟು ಅರಮನೆಯ ದಣ್ಣಾಯಕನ ಬಳಿಗೆ ಹೋದ ದಿನ, ಸಭೆ ಒಂದು ಹೆಜ್ಜೆ ಹಿಂದೆ ಸರಿದಂತೆಯೇ.

ಮುಂದೆ ಐನೂರ್ವರ ಹೆಸರು ತೆಳುವಾಗುತ್ತ ಹೋಯಿತು. ಕುದುರೆಯ ವ್ಯಾಪಾರ ಅರಬರ ಕೈಯಲ್ಲಿ ಬಲಿಯಿತು. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾದ ಮೇಲೆ ಆ ಹಾದಿಗೂ ಅವರೇ ಬಾಗಿಲು ಕಾದರು. ಕರಾವಳಿಯ ಪೇಟೆಗಳಲ್ಲಿ ಮಾತ್ರ ಹಳೆಯ ಬಗೆಯ ಸಭೆಗಳು ಇನ್ನೂ ಗಟ್ಟಿಯಾಗಿದ್ದವು. ಪರದೇಶಿ ಮುಸಲ್ಮಾನ ವರ್ತಕರದು ಹಂಜಮಾನ, ಊರಿನವರದು ಹಲರು. ಬಸರೂರಿನಲ್ಲಿ ಪಡುವಕೇರಿಯ ಹಲರು ಬೇರೆ, ಮೂಡುಕೇರಿಯ ಹಲರು ಬೇರೆ. ಅಕ್ಕಿ ಅವರ ದೊಡ್ಡ ಸರಕು. ಗೋವೆಯ ಪೋರ್ಚುಗೀಸರ ಅನ್ನವೂ ಅದರಿಂದಲೇ ಬೇಯುತ್ತಿತ್ತು. ಅರಸನ ಗೊಡವೆಯಿಲ್ಲದೆ ಸೆಟ್ಟಿಗಳೇ ನಡೆಸುವ ಪಟ್ಟಣವೆಂದು ಪರಂಗಿಗಳು ಬಸರೂರನ್ನು ಬಣ್ಣಿಸಿದರು. 1569ರಲ್ಲಿ ಅವರೇ ಬಂದು ನದಿಯ ಕೆಳಭಾಗದಲ್ಲಿ ಕೋಟೆ ಹಾಕಿದರು. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಆ ಕೋಟೆಯನ್ನು ಕಿತ್ತುಕೊಂಡನು. 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಪೇಟೆಯನ್ನು ಸೂರೆ ಮಾಡಿಕೊಂಡು ಹೋದವು. ಬಸರೂರಿನ ಹಲರು ಎಷ್ಟು ಅಕ್ಕಿ ಮಾರಿದರು, ಎಷ್ಟಕ್ಕೆ ಮಾರಿದರು ಎಂಬುದನ್ನು ಇಂದು ನೋಡಬೇಕೆಂದರೆ ಪೋರ್ಚುಗೀಸರ ಕಡತಗಳನ್ನೇ ಬಿಚ್ಚಬೇಕು.