ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ರಾಜಿ ಮತ್ತು ಮಧ್ಯಸ್ಥಿಕೆ

ವ್ಯಾಜ್ಯಕ್ಕೆ ಸಂಬಂಧಪಡದ ಮೂರನೆಯವರೊಬ್ಬರು ಇಬ್ಬರನ್ನೂ ಕೂರಿಸಿ, ಇಬ್ಬರ ಮಾತನ್ನೂ ಕೇಳಿ, ಇಬ್ಬರೂ ಒಪ್ಪುವ ಕರಾರಿಗೆ ಅವರನ್ನು ತರುವುದು ಮಧ್ಯಸ್ಥಿಕೆ. ನ್ಯಾಯಾಧೀಶರಂತೆ ತೀರ್ಪು ಹೇಳುವ ಅಧಿಕಾರ ಮಧ್ಯಸ್ಥರಿಗಿಲ್ಲ. ವ್ಯಾಜ್ಯದಲ್ಲಿರುವ ಇಬ್ಬರೇ ಅದರ ಮುಕ್ತಾಯವನ್ನೂ ನಿರ್ಧರಿಸುತ್ತಾರೆ. ಹಳ್ಳಿಗಳ ಪಂಚಾಯ್ತಿಯಲ್ಲಿ ರಾಜಿ ಮಾಡಿಸುವುದು, ತೀರ್ಪು ಕೊಡುವುದು ಎರಡೂ ಬೆರೆತಿದ್ದವು. ಇವೆರಡೂ ಬೇರ್ಪಟ್ಟು ನಿಂತದ್ದು ಇತ್ತೀಚಿನ ಕಾಲದಲ್ಲಿ.

ಚಿಕ್ಕಮಗಳೂರು ಜಿಲ್ಲೆಯ ಕಡೂರು ಬಯಲುಸೀಮೆಯ ತಾಲ್ಲೂಕು. ತರೀಕೆರೆಯ ಒಂದು ಮಗ್ಗುಲು ಮಲೆನಾಡಿಗೆ ತಾಗಿದೆ. ಅಜ್ಜಂಪುರ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಇಲ್ಲಿನ ಬೇಸಾಯ ಹಿಂದಿನಿಂದಲೂ ಕೆರೆಗಳನ್ನು ನೆಚ್ಚಿಕೊಂಡದ್ದು. ಅಯ್ಯನಕೆರೆಯ ಕಡೆಯಿಂದ ಬರುವ ವೇದಾ ಮತ್ತು ಮದಗದ ಕೆರೆಯ ಕಡೆಯಿಂದ ಬರುವ ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ತೂಬಿನ ನೀರು ಯಾರ ಗದ್ದೆಗೆ ಮೊದಲು, ಬದು ಯಾರದು, ಹೊಲಕ್ಕೆ ಗಾಡಿ ಹೋಗುವ ದಾರಿ ಎಲ್ಲಿ, ಅಣ್ಣತಮ್ಮಂದಿರಲ್ಲಿ ತೋಟದ ಪಾಲು ಹೇಗೆ, ಮೇವಿನ ಕಾವಲಿನೊಳಗೆ ಯಾರ ದನ ನುಗ್ಗಿತು ಎಂಬಂಥವೇ ಇಂಥ ಸೀಮೆಯ ವ್ಯಾಜ್ಯಗಳು. ಜಗಳವಾಡಿದವರು ಮರುದಿನವೂ ಅದೇ ಕಾಲುವೆಯ ನೀರು ಕಟ್ಟಬೇಕು. ಗೆದ್ದವರು, ಸೋತವರು ಎಂದು ವಿಂಗಡಿಸುವ ತೀರ್ಪಿಗಿಂತ ರಾಜಿಗೆ ಹೆಚ್ಚು ಬೆಲೆ ಬಂದದ್ದು ಇದರಿಂದ.

ವ್ಯಾಜ್ಯ ತೀರಿಸುವ ಊರ ಸಭೆಗಳಿಗೆ ಶಾಸ್ತ್ರದ ಮನ್ನಣೆಯೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ರಾಜನು ನೇಮಿಸಿದ ಅಧಿಕಾರಿಗಳ ಕೆಳಗೆ ಪೂಗ, ಶ್ರೇಣಿ, ಕುಲ ಎಂಬ ಮೂರು ಸಭೆಗಳು ವ್ಯವಹಾರ ತೀರಿಸಬಹುದೆಂದು ಅದು ವಿವರಿಸುತ್ತದೆ. ಪೂಗವೆಂದರೆ ಒಂದೇ ಊರಿನಲ್ಲಿರುವ ಬೇರೆ ಬೇರೆ ಜಾತಿ, ಕಸುಬಿನವರ ಕೂಟ, ಶ್ರೇಣಿ ಒಂದೇ ಕಸುಬಿನವರದು, ಕುಲ ನೆಂಟರಿಷ್ಟರದು. ಕುಲದಲ್ಲಿ ತೀರದ್ದು ಮೇಲಿನ ಸಭೆಗೆ ಹೋಗಬಹುದಿತ್ತು. ಹೊಯ್ಸಳರ ಕಾಲಕ್ಕೆ ಗಾವುಂಡರು ಊರ ಮುಖ್ಯಸ್ಥರಾಗಿದ್ದರು. ಅಗ್ರಹಾರಗಳ ವ್ಯವಹಾರ ಮಹಾಜನರ ಕೈಯಲ್ಲಿತ್ತು.

ಮುಂದೆ ಗೌಡರು ಅಥವಾ ಪಟೇಲರು, ಶಾನುಭೋಗರು, ಊರ ಹಿರಿಯರು ಅರಳಿಕಟ್ಟೆಯಲ್ಲೋ ಗುಡಿಯ ಮುಂದೋ ಕೂತು ಪಂಚಾಯ್ತಿ ಮಾಡುವುದು ರೂಢಿಯಾಯಿತು. ಜಮೀನಿನ ಲೆಕ್ಕ ಶಾನುಭೋಗರ ಬಳಿ ಇರುತ್ತಿತ್ತು. ಮಾತು ಮುಗಿದ ಮೇಲೆ ಪಾಲುಪಟ್ಟಿ, ಮುಚ್ಚಳಿಕೆ ಬರೆಸುತ್ತಿದ್ದರು. ಸಾಕ್ಷಿ ಸಿಗದಿದ್ದಾಗ ದೇವರ ಮುಂದೆ ಆಣೆ-ಪ್ರಮಾಣ ಮಾಡಿಸುತ್ತಿದ್ದರು. 1831ರಲ್ಲಿ ಮೈಸೂರಿಗೆ ಬ್ರಿಟಿಷ್ ಕಮಿಷನರುಗಳ ಆಡಳಿತ ಬಂದ ಮೇಲೂ ಕೆಲಕಾಲ ಸಿವಿಲ್ ವ್ಯಾಜ್ಯಗಳಲ್ಲಿ ಪಂಚಾಯ್ತಿಗಳ ನೆರವು ಪಡೆಯಲಾಗುತ್ತಿತ್ತು. 1863ರಲ್ಲಿ ಕಡೂರು ಜಿಲ್ಲೆ (ಇಂದಿನ ಚಿಕ್ಕಮಗಳೂರು ಜಿಲ್ಲೆ) ರಚನೆಯಾದ ಕಾಲಕ್ಕೆ ಆಡಳಿತವೆಲ್ಲ ಹೊಸ ಚೌಕಟ್ಟಿಗೆ ಬರುತ್ತಿತ್ತು. ಕಚೇರಿ, ಕೋರ್ಟು, ವಕೀಲರ ದಾರಿ ಬಲಗೊಂಡಂತೆ ಊರ ಪಂಚಾಯ್ತಿಗೆ ಸರ್ಕಾರದ ಬೆಂಬಲ ತಗ್ಗಿತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1963ರ ಫೆಬ್ರವರಿ 1ರಿಂದ ರದ್ದಾದವು.

ಊರ ಪಂಚಾಯ್ತಿಯ ಪದ್ಧತಿ ಖರ್ಚು ಕಡಿಮೆಯದು, ಬೇಗ ಮುಗಿಯುವಂಥದು. ಆದರೆ ಪಂಚರು ಹೆಚ್ಚಾಗಿ ಬಲಾಢ್ಯ ಜಾತಿಗಳ ಗಂಡಸರೇ. ದಲಿತರು, ಹೆಂಗಸರು ಅಲ್ಲಿ ಸಮನಾಗಿ ಕೂತು ಮಾತನಾಡುವಂತಿರಲಿಲ್ಲ. ದಂಡ, ಬಹಿಷ್ಕಾರಗಳ ಅಂಜಿಕೆಯಿಂದ ತಲೆಯಾಡಿಸಿದ್ದೂ ಒಪ್ಪಿಗೆಯೆಂದೇ ದಾಖಲಾಗುತ್ತಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕದ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟವು. ಗಂಡುಮಕ್ಕಳಷ್ಟೇ ಕೂತು ಮಾಡುತ್ತಿದ್ದ ಪಾಲು-ಪಾರೀಕತ್ತು ಅದರಿಂದ ಸಾಲದಾಯಿತು.

ಹಳೆಯ ಕ್ರಮ ಮಠಗಳಲ್ಲಿ ಇನ್ನೊಂದು ರೂಪ ಪಡೆದು ಉಳಿಯಿತು. ನೆರೆಯ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರ ನಡೆಯುವ ‘ಸದ್ಧರ್ಮ ನ್ಯಾಯಪೀಠ’ಕ್ಕೆ ಸುತ್ತಲ ಜಿಲ್ಲೆಗಳ ಜನ ಆಸ್ತಿ, ಸಾಲ, ಸಂಸಾರದ ತಕರಾರು ಹೊತ್ತು ಹೋಗುತ್ತಾರೆ. ಇದು ಸರ್ಕಾರಿ ನ್ಯಾಯಾಲಯವಲ್ಲ. ಗುರುವಿನ ಮಾತಿನ ಮೇಲಿನ ಭಕ್ತಿಯೇ ಅಲ್ಲಿನ ತೀರ್ಮಾನದ ಬಲ.

ಕಾನೂನಿನ ದಾರಿಯಲ್ಲಿ ಮೊದಲು ಬಂದದ್ದು ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾಯಿತು. ಅಲ್ಲಿ ರಾಜಿಯಾದ ಪ್ರಕರಣದ ಆದೇಶಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಕಟ್ಟಿದ ಕೋರ್ಟು ಶುಲ್ಕವೂ ವಾಪಸ್ಸು ಸಿಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಗೆ ಬಂದು, ಕೋರ್ಟಿನಲ್ಲಿರುವ ದಾವೆಯನ್ನು ಮಧ್ಯಸ್ಥಿಕೆಗೆ ಕಳುಹಿಸಲು ಅವಕಾಶ ಕೊಟ್ಟಿತು. 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಪಾಲಿನ ದಾವೆ, ಗಂಡ-ಹೆಂಡಿರ ವ್ಯಾಜ್ಯ, ನೆರೆಹೊರೆಯವರ ದಾರಿಯ ತಕರಾರು, ವ್ಯಾಪಾರದ ಕರಾರುಗಳಂಥವು ಇದಕ್ಕೆ ತಕ್ಕವೆಂದೂ ಚುನಾವಣಾ ತಕರಾರು, ಖೊಟ್ಟಿ ದಾಖಲೆ, ವಂಚನೆಯ ಗಂಭೀರ ಆರೋಪ, ಅಪರಾಧ ಪ್ರಕರಣಗಳು ತಕ್ಕವಲ್ಲವೆಂದೂ ಸುಪ್ರೀಂ ಕೋರ್ಟು 2010ರ ಆಫ್ಕಾನ್ಸ್ ಪ್ರಕರಣದಲ್ಲಿ ವಿಂಗಡಿಸಿತು.

ಕೋರ್ಟು ಕಳುಹಿಸುವ ಮಧ್ಯಸ್ಥಿಕೆಯಲ್ಲಿ ಮಾತುಕತೆ ಗುಟ್ಟಾಗಿರುತ್ತದೆ. ಕಟ್ಟೆಯ ಪಂಚಾಯ್ತಿ ಊರೆದುರೇ ನಡೆಯುತ್ತಿತ್ತು. ಮಧ್ಯಸ್ಥರ ಮುಂದೆ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮಧ್ಯಸ್ಥರು ಎರಡೂ ಕಡೆಯವರ ಜತೆ ಬೇರೆ ಬೇರೆಯಾಗಿಯೂ ಕೂರಬಹುದು. ಒಪ್ಪಂದವಾದರೆ ಬರಹಕ್ಕಿಳಿಸಿ ಸಹಿ ಹಾಕಿಸಿ ಕೋರ್ಟಿಗೆ ಕಳುಹಿಸುತ್ತಾರೆ. ಆಗದಿದ್ದರೆ ದಾವೆ ಮುಂದುವರಿಯುತ್ತದೆ.

2023ರ ಮಧ್ಯಸ್ಥಿಕೆ ಕಾಯ್ದೆ ದಾವೆ ಹೂಡುವ ಮೊದಲೇ ಮಧ್ಯಸ್ಥಿಕೆಗೆ ಹೋಗುವ ದಾರಿಯನ್ನು ಬರೆದಿಟ್ಟಿತು. ಒಂದು ಪ್ರದೇಶದ ನೆಮ್ಮದಿ ಕೆಡಿಸಬಹುದಾದ ವ್ಯಾಜ್ಯಗಳಿಗೆ ಮೂವರು ಮಧ್ಯಸ್ಥರ ಸಮುದಾಯ ಮಧ್ಯಸ್ಥಿಕೆಯನ್ನೂ ಅದು ಹೇಳುತ್ತದೆ. ಅದಕ್ಕೆ ಎರಡೂ ಕಡೆಯವರ ಮುಂಗಡ ಒಪ್ಪಿಗೆ ಬೇಕು. ಅಲ್ಲಿಯ ಒಪ್ಪಂದವನ್ನು ಡಿಕ್ರಿಯಂತೆ ಜಾರಿ ಮಾಡಿಸಲಾಗದು. ಕಾಯ್ದೆಯ ಕೆಲವು ಕಲಂಗಳನ್ನಷ್ಟೇ 2023ರ ಅಕ್ಟೋಬರ್ 9ರಂದು ಜಾರಿಗೆ ತರಲಾಯಿತು; ಸಮುದಾಯ ಮಧ್ಯಸ್ಥಿಕೆಯ ಕಲಂಗಳು ಅವುಗಳಲ್ಲಿ ಸೇರಿರಲಿಲ್ಲ.