ನೀರಿಗೆ ಪಂಪು ಬೇಕಿತ್ತೇ?

ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ತಯಾರಾಯಿತು. ಮೊದಲ ಸುಮಾರು 2,500 ಕಾರುಗಳನ್ನು ಬಿಟ್ಟರೆ ಉಳಿದವುಗಳಲ್ಲಿ ನೀರಿನ ಪಂಪೇ ಇರಲಿಲ್ಲ. ಎಂಜಿನ್ನಿನಲ್ಲಿ ಕಾದ ನೀರು ಹಗುರಾಗಿ ಮೇಲೇರಿ ರೇಡಿಯೇಟರ್ ಸೇರುತ್ತಿತ್ತು; ಅಲ್ಲಿ ತಣಿದು, ಕೆಳಗಿಳಿದು ಮರಳುತ್ತಿತ್ತು. ಆದರೂ ಬೇರೆ ತಯಾರಕರು ಇದಕ್ಕೆ ಪಂಪುಗಳನ್ನು ಮಾರಿದರು.

ಕೊಳವೆಗಳಲ್ಲಿ ತುಕ್ಕು, ಗಸಿ ಕಟ್ಟಿದ್ದರೆ ಪಂಪು ಅದನ್ನು ಕೆಲಕಾಲ ಮರೆಸೀತು, ಕಳೆಯಲಾರದು. ಅದೇ ಕಾಲದ ಬಾಯ್ಸ್ ಮೋಟೋಮೀಟರಿನ ಬಗೆ ಬೇರೆ. ರೇಡಿಯೇಟರಿನ ಮುಚ್ಚಳದ ಮೇಲೆ ಕೂತ ಈ ಉಷ್ಣಮಾಪಕ ಕಾವು ಏರುವುದನ್ನು ಚಾಲಕನಿಗೆ ತೋರಿಸುತ್ತಿತ್ತು. ಆತ ಆಗಲೇ ನಿಲ್ಲಿಸಿದರೆ ಎಂಜಿನ್ ಉಳಿಯುತ್ತಿತ್ತು. ಮುಂದೆ ಕಾರು ತಯಾರಕರೇ ಆ ಮಾಪಕವನ್ನು ಡ್ಯಾಶ್‌ಬೋರ್ಡಿಗೆ ತಂದರು.

ಪಂಪೂ ಮಾಡೆಲ್ ಎ ಕಾರಿನಲ್ಲಿ ಬಂತು, ಆದರೆ ಹೊಸ ಎಂಜಿನ್ನಿನ ಅಂಗವಾಗಿ. ಹಾಗಾಗಿ ನನ್ನ ತೀರ್ಮಾನ ಇಷ್ಟೇ: ರೋಗ ಮುಚ್ಚುವ ಬಿಡಿಭಾಗಕ್ಕಿಂತ ರೋಗ ತಿಳಿಸುವುದೇ ಕೊಟ್ಟ ದುಡ್ಡಿಗೆ ತಕ್ಕದ್ದು.