ಕುಟಜ: ಕೊಡಚಾದ್ರಿಯಿಂದ ಥಾಣೆಯ ಬೆಟ್ಟಗಳವರೆಗೆ

ಮೂಲಿಕೆಗಳ ಹೆಸರನ್ನೂ ರೂಪವನ್ನೂ ಕಾಡಿನಲ್ಲಿ ತಿರುಗುವ ದನಗಾಹಿಗಳು, ಕುರಿಗಾಹಿಗಳು ಬಲ್ಲರು. ಅವುಗಳ ಪ್ರಯೋಗವನ್ನೂ ಬಲ್ಲವನೇ ನಿಜವಾದ ವೈದ್ಯನೆಂಬ ಅಭಿಪ್ರಾಯವು ಚರಕಸಂಹಿತೆಯ ಆರಂಭದಲ್ಲಿಯೇ ಬರುತ್ತದೆ. ಗುರುತಿಸುವುದು ಒಂದು ವಿದ್ಯೆ, ಪ್ರಯೋಗಿಸುವುದು ಇನ್ನೊಂದು ವಿದ್ಯೆ. ಇವೆರಡರಲ್ಲಿ ಒಂದು ಕೈತಪ್ಪಿದರೂ ಮದ್ದು ನಿಷ್ಫಲವಾಗುತ್ತದೆ. ಕುಟಜವೆಂಬ ಸಣ್ಣ ಮರದ ಇತಿಹಾಸವು ಈ ಮಾತಿಗೆ ಸಾಕ್ಷಿಯಾಗಿದೆ. ಆ ಇತಿಹಾಸದಲ್ಲಿ ನಮ್ಮ ಕರಾವಳಿಗೂ, ನಾವು ನೆಲೆಸಿರುವ ಥಾಣೆ-ಮುಂಬಯಿ ಪ್ರದೇಶಕ್ಕೂ ಪಾಲಿದೆ.

ವೃಕ್ಷ ಪರಿಚಯ

ಕುಟಜಕ್ಕೆ ಕನ್ನಡದಲ್ಲಿ ಕೊಡಸಿಗೆ ಎಂದು ಹೆಸರು. ಕೊಲ್ಲೂರಿನ ಮೇಲೆ ನಿಂತಿರುವ ಕೊಡಚಾದ್ರಿಯ ಸಂಸ್ಕೃತ ನಾಮವು ಕುಟಜಾದ್ರಿ. ಪರ್ವತಕ್ಕೆ ಈ ಮರವೇ ಹೆಸರು ಕೊಟ್ಟಿದೆ. ಬೇಸಿಗೆಯಿಂದ ಮಳೆಗಾಲದ ಆರಂಭದವರೆಗೆ ಬಿಳಿಯ ಹೂಗೊಂಚಲುಗಳನ್ನು ಬಿಡುತ್ತದೆ. ಕಾಳಿದಾಸನ ಯಕ್ಷನು ಆಷಾಢದ ಮೇಘಕ್ಕೆ ಅರ್ಘ್ಯವಿತ್ತುದು ಕುಟಜಪುಷ್ಪಗಳಿಂದಲೇ. ಕಾಯಿಗಳು ಕೋಲಿನಂತೆ ಉದ್ದವಾಗಿ ಜೋಡಿಯಾಗಿ ತೂಗುತ್ತವೆ. ಬೀಜಕ್ಕೆ ಇಂದ್ರಯವವೆಂದು ಹೆಸರು. ತೊಗಟೆ ಬಹಳ ಕಹಿ.

ಚರಕನು ಅರ್ಶಸ್ಸನ್ನು, ಅಂದರೆ ಮೂಲವ್ಯಾಧಿಯನ್ನು, ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿ ಕುಟಜವನ್ನು ಸೇರಿಸಿದ್ದಾನೆ. ಅತಿಸಾರದಲ್ಲಿ, ಅದರಲ್ಲಿಯೂ ರಕ್ತಮಿಶ್ರಿತ ಆಮಶಂಕೆಯಲ್ಲಿ, ಇದರ ತೊಗಟೆಯ ಕಷಾಯವು ಪ್ರಸಿದ್ಧವಾದುದು. ಕುಟಜಾರಿಷ್ಟ, ಕುಟಜಾವಲೇಹ, ಕುಟಜಘನವಟಿಗಳು ಇಂದಿಗೂ ಬಳಕೆಯಲ್ಲಿವೆ. ಮಲೆನಾಡಿನ ಗೃಹಿಣಿಯರು ಇದರ ಹೂವನ್ನು ಒಣಗಿಸಿಟ್ಟುಕೊಂಡು ಮಳೆಗಾಲದಲ್ಲಿ ತಂಬುಳಿ ಮಾಡುವ ರೂಢಿಯೂ ಉಂಟು. ಹೊಟ್ಟೆಯ ರೋಗಗಳು ಹೆಚ್ಚುವ ಋತುವಿಗೆ ಅಡಿಗೆಮನೆಯೇ ಸಿದ್ಧವಾಗಿರುತ್ತಿತ್ತು.

ಗೋವೆಯಿಂದ ಕೊಚ್ಚಿಗೆ

ಈ ಜ್ಞಾನವು ಪಾಶ್ಚಾತ್ಯರ ಗ್ರಂಥಗಳನ್ನು ಸೇರಿದುದು ಹದಿನಾರನೆಯ ಶತಮಾನದಲ್ಲಿ. ಪೋರ್ತುಗೀಜ್ ವೈದ್ಯ ಗಾರ್ಸಿಯಾ ದ ಓರ್ತಾ 1534ರಲ್ಲಿ ಗೋವೆಗೆ ಬಂದನು. ಅಹಮದ್‌ನಗರದ ನಿಜಾಮಶಾಹಿ ದೊರೆಗೂ ಚಿಕಿತ್ಸೆ ಮಾಡಿದನು. ಮುಂಬಯಿ ದ್ವೀಪವನ್ನು ಪೋರ್ತುಗೀಜ್ ಆಡಳಿತದಿಂದ ಗುತ್ತಿಗೆಗೆ ಪಡೆದಿದ್ದವನೂ ಇವನೇ. ಭಾರತದ ಔಷಧದ್ರವ್ಯಗಳನ್ನು ಕುರಿತು ಸಂವಾದರೂಪದಲ್ಲಿ ಇವನು ಬರೆದ ಗ್ರಂಥವು 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದರಲ್ಲಿ ಅತಿಸಾರಕ್ಕೆ ಮದ್ದಾದ 'ಮಲಬಾರಿನ ಮೂಲಿಕೆ'ಯೊಂದರ ವರ್ಣನೆಯಿದೆ. ವಿದ್ವಾಂಸರು ಅದನ್ನು ಕುಟಜವೆಂದು ಗುರುತಿಸಿದ್ದಾರೆ.

ಅದೇ ಗೋವೆಯಿಂದ ಪೋರ್ತುಗೀಜರ ಮತೀಯ ದಬ್ಬಾಳಿಕೆಗೆ ಸಿಕ್ಕಿ ದಕ್ಷಿಣಕ್ಕೆ ವಲಸೆ ಹೋದ ಸಾರಸ್ವತ ಕುಟುಂಬಗಳು ಅನೇಕ. ಕೊಚ್ಚಿಯಲ್ಲಿ ನೆಲೆಸಿದ ಮಾಧ್ವ ಪರಂಪರೆಯ ಗೌಡ ಸಾರಸ್ವತ ಸಮಾಜದಲ್ಲಿ ವೈದ್ಯವಿದ್ಯೆಯೂ ಉಳಿದು ಬಂತು. ಡಚ್ಚರ ಅಧಿಕಾರಿಯಾಗಿ ಕೊಚ್ಚಿಯಲ್ಲಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬೃಹದ್ಗ್ರಂಥವನ್ನು ಸಂಕಲಿಸಲು ಹೊರಟಾಗ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವೈದ್ಯರು ಅವನಿಗೆ ನೆರವಾದರು. ಅವರೊಂದಿಗೆ ಈಳವ ಕುಲದ ಮನೆತನದ ವೈದ್ಯ ಇಟ್ಟಿ ಅಚ್ಯುತನ್ ಇದ್ದರು. ಪಂಡಿತರು ನಿಘಂಟು ಗ್ರಂಥದ ಆಧಾರವನ್ನೂ, ಅಚ್ಯುತನ್ ತಮ್ಮ ಮನೆತನದ ಅನುಭವವನ್ನೂ ಕೊಟ್ಟರು. 1675ರಲ್ಲಿ ಆ ಮೂವರು ನಾಗರಿ ಲಿಪಿಯ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ, ಅಚ್ಯುತನ್ ಮಲಯಾಳದಲ್ಲಿ ಕೊಟ್ಟ ಹೇಳಿಕೆಯೂ ಆ ಗ್ರಂಥದಲ್ಲಿ ಅಚ್ಚಾಗಿವೆ.

'ಹೋರ್ತೂಸ್ ಮಲಬಾರಿಕೂಸ್' ಎಂಬ ಈ ಗ್ರಂಥವು 1678ರಿಂದ 1693ರ ವರೆಗೆ ಆಮ್ಸ್ಟರ್‌ಡಾಮ್‌ನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾಯಿತು. ಏಳುನೂರಕ್ಕೂ ಹೆಚ್ಚು ಸಸ್ಯಗಳ ಚಿತ್ರಗಳು ಅದರಲ್ಲಿವೆ. ಮೊದಲ ಸಂಪುಟದಲ್ಲಿಯೇ 'ಕೊಡಗಪಾಲ' ಎಂಬ ಹೆಸರಿನಿಂದ ನಮ್ಮ ಕುಟಜವೂ ಇದೆ. ಗ್ರಂಥ ಮುಗಿಯುವ ಮೊದಲೇ, 1691ರ ಡಿಸೆಂಬರಿನಲ್ಲಿ, ಕೊಚ್ಚಿಯಿಂದ ಸೂರತ್ತಿಗೆ ಸಾಗುತ್ತಿದ್ದ ಹಡಗಿನಲ್ಲಿ ಮುಂಬಯಿಯ ಸಮೀಪ ವಾನ್ ರೀಡ್ ತೀರಿಕೊಂಡನು. ಲ್ಯಾಟಿನ್ ಭಾಷೆಯಲ್ಲಿದ್ದ ಈ ಕೃತಿಯನ್ನು ಕೇರಳದ ಸಸ್ಯಶಾಸ್ತ್ರಜ್ಞ ಪ್ರೊ. ಕೆ. ಎಸ್. ಮಣಿಲಾಲ್ ದಶಕಗಳ ಶ್ರಮದಿಂದ ಇಂಗ್ಲಿಷಿಗೆ ತಂದರು. ಅದು 2003ರಲ್ಲಿ ಪ್ರಕಟವಾಯಿತು.

ಗುರುತು ತಪ್ಪಿದ ಮದ್ದು

ಚರಕಸಂಹಿತೆಯ ಕಲ್ಪಸ್ಥಾನವು ಕುಟಜದಲ್ಲಿ ಗಂಡು, ಹೆಣ್ಣು ಎಂಬ ಭೇದವನ್ನು ಹೇಳುತ್ತದೆ. ದೊಡ್ಡ ಕಾಯಿ, ಬಿಳಿಯ ಹೂವು, ನುಣುಪಾದ ಎಲೆಯುಳ್ಳದ್ದು ಗಂಡು. ಹೆಣ್ಣು ಕುಟಜವೆಂದು ಇಂದು ಗುರುತಿಸಲಾಗುವ ಮರವು ಬೆಪ್ಪಾಲೆ ಅಥವಾ ಹಾಲೆಮರ. ಚನ್ನಪಟ್ಟಣದ ಬಣ್ಣದ ಗೊಂಬೆಗಳಾಗುವುದು ಇದರದೇ ಮರ. ಎರಡರಲ್ಲಿಯೂ ಹಾಲು ಒಸರುತ್ತದೆ, ಕಾಯಿಗಳು ಜೋಡಿಯಾಗಿರುತ್ತವೆ. ಆದರೆ ಹಾಲೆಯ ಎಳೆಯ ಜೋಡಿಕಾಯಿಗಳು ತುದಿಯಲ್ಲಿ ಕೂಡಿಕೊಂಡಿದ್ದರೆ, ಕುಟಜದವು ಬಿಡಿಬಿಡಿಯಾಗಿರುತ್ತವೆ.

ಕುಟಜದ ತೊಗಟೆ ಯುರೋಪಿನಲ್ಲಿಯೂ ಒಮ್ಮೆ ಹೆಸರುವಾಸಿಯಾಗಿತ್ತು. ಆದರೆ ವ್ಯಾಪಾರದಲ್ಲಿ ಹಾಲೆಯ ತೊಗಟೆಯೇ ಇದರ ಹೆಸರಿನಲ್ಲಿ ಬೆರೆತು ಹೋದುದರಿಂದ ಗುಣ ಕಾಣದೆ, ಮದ್ದಿನ ಮೇಲಿನ ವಿಶ್ವಾಸವೇ ಕುಸಿಯಿತು. ಮರದಲ್ಲಿ ದೋಷವಿರಲಿಲ್ಲ, ಗುರುತಿಸುವ ಕಣ್ಣು ಇರಲಿಲ್ಲ. 1858ರಲ್ಲಿ ಹೇನ್ಸ್ ಎಂಬವರು ತೊಗಟೆಯಿಂದ ಕೊನೆಸಿನ್ ಎಂಬ ಆಲ್ಕಲಾಯ್ಡ್ ಅನ್ನು ಬೇರ್ಪಡಿಸಿದ ಮೇಲೆ ವಿಜ್ಞಾನಿಗಳ ಗಮನ ಮರಳಿ ಇತ್ತ ಹರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಡಾ. ಆರ್. ಎನ್. ಚೋಪ್ರಾ ಮೊದಲಾದವರು 'ಕುರ್ಚಿ' ಎಂಬ ಬಂಗಾಳಿ ಹೆಸರಿನಲ್ಲಿ ಇದನ್ನು ಅಭ್ಯಸಿಸಿದರು. ಬೇರ್ಪಡಿಸಿದ ಸತ್ತ್ವವನ್ನು ಆಮಶಂಕೆಗೆ ಬಳಸಿದಾಗ ನರಮಂಡಲದ ಮೇಲೆ ದುಷ್ಪರಿಣಾಮಗಳು ಕಂಡುಬಂದುದರಿಂದ ಆ ಪ್ರಯೋಗವು ಹಿಂದೆ ಸರಿಯಿತು. ಗುರುತು ಸರಿಯಿದ್ದರೂ ಪ್ರಯೋಗಕ್ಕೆ ವಿವೇಕ ಬೇಕೆಂಬ ಚರಕನ ಮಾತು ಇಲ್ಲಿಯೂ ಸಲ್ಲುತ್ತದೆ.

ನಮ್ಮ ಪರಿಸರದಲ್ಲಿ

ನವಿ ಮುಂಬಯಿಯ ನೆರೆಯ ಪನವೇಲಿನಲ್ಲಿ ವೈದ್ಯ ಕೃಷ್ಣಶಾಸ್ತ್ರಿ ಪುರಾಣಿಕರು 1872ರಲ್ಲಿ ಸ್ಥಾಪಿಸಿದ ಧೂತಪಾಪೇಶ್ವರ ಸಂಸ್ಥೆಯು ಶಾಸ್ತ್ರೀಯ ಔಷಧಗಳನ್ನು ಕಾರ್ಖಾನೆಯಲ್ಲಿ ತಯಾರಿಸಿದ ಮೊದಲಿಗರ ಸಾಲಿನದು. ವೈದ್ಯನು ತಾನೇ ಕಾಡಿಗೆ ಹೋಗಿ ತೊಗಟೆ ತರುತ್ತಿದ್ದ ಕಾಲ ಹೋಗಿ, ಮುಚ್ಚಿದ ಸೀಸೆ ಮನೆಗೆ ಬರುವ ಕಾಲ ಹೀಗೆ ಆರಂಭವಾಯಿತು. ಇದರಿಂದ ಔಷಧವು ಊರೂರಿಗೆ ತಲುಪಿತು. ಆದರೆ ಜನಸಾಮಾನ್ಯರಿಗೂ ಮರಕ್ಕೂ ಇದ್ದ ಪರಿಚಯ ದೂರವಾಯಿತು.

ಆದರೂ ಮರ ದೂರವಿಲ್ಲ. ಥಾಣೆಯ ಯೇಊರು ಬೆಟ್ಟಗಳಲ್ಲಿ, ಕೊಂಕಣದ ಕಾಡುಗಳಲ್ಲಿ ಕುಟಜವು ಇಂದಿಗೂ ಬೆಳೆಯುತ್ತದೆ. ಮರಾಠಿಯಲ್ಲಿ ಇದಕ್ಕೆ 'ಕುಡಾ' ಎನ್ನುತ್ತಾರೆ. ಕುಟಜ, ಕೊಡಸಿಗೆ, ಕುಡಾ ಎಂಬ ಹೆಸರುಗಳ ಸಾಮ್ಯವು ಕಿವಿಗೇ ತಿಳಿಯುವಂತಹುದು. ಇಲ್ಲಿನ ಆದಿವಾಸಿಗಳು ಅದನ್ನು ಬಲ್ಲರು. ತೊಗಟೆಗಾಗಿ ಮರವನ್ನು ಸುತ್ತಲೂ ಸುಲಿದರೆ ಅದು ಒಣಗಿ ಸಾಯುತ್ತದೆಂಬುದೂ ಅವರಿಗೆ ಗೊತ್ತು.

ಆ ನಾಲ್ವರು ವೈದ್ಯರು ತಮ್ಮ ವಿದ್ಯೆಯನ್ನು ಹೆಸರು ಸಹಿತ ಬರೆಸದಿದ್ದರೆ ಅದರ ಎಷ್ಟೋ ಅಂಶ ನಮಗೆ ದೊರೆಯುತ್ತಿರಲಿಲ್ಲ. ನಮ್ಮ ಮನೆಗಳ ಹಿರಿಯರಲ್ಲಿ ಇಂದಿಗೂ ಉಳಿದಿರುವ ಮೂಲಿಕೆಗಳ ತಿಳಿವನ್ನು, ಊರಿನ ಹೆಸರು, ಗಿಡದ ಗುರುತು, ಬಳಸುವ ಋತುಗಳೊಂದಿಗೆ ಬರೆದಿಡುವುದು ಈ ತಲೆಮಾರಿನ ಕರ್ತವ್ಯವಾಗಿದೆ. ಚಿಕಿತ್ಸೆಯನ್ನು ಬಲ್ಲ ವೈದ್ಯರಿಗೆ ಬಿಡೋಣ. ಗಿಡದ ಗುರುತನ್ನಾದರೂ ಮಕ್ಕಳಿಗೆ ಕಲಿಸೋಣ.